ಕಾರ್ ಪಾರ್ಕಿನಲ್ಲಿ ಬರೆದ ಮಾರ್ಫಿನ್ ಚೀಟಿ

2004ರಲ್ಲಿ ನಾನು ಲೀಡ್ಸ್‌ನ ಒಂದು ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗದಲ್ಲಿ ಕನ್ಸಲ್ಟೆಂಟ್ ಆಗಿದ್ದೆ. ಬಿಜಾಪುರದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ, ಉತ್ತರ ಇಂಗ್ಲೆಂಡಿನ ಹಲವು ಆಸ್ಪತ್ರೆಗಳಲ್ಲಿ ದುಡಿದ ಮೇಲೆ ಸಿಕ್ಕ ಹುದ್ದೆ ಅದು. ಆ ವರ್ಷ ನಮ್ಮ ವಿಭಾಗಕ್ಕೆ ಹೊಸ ಕೆಲಸವೊಂದು ಬಂತು. ಹಡರ್ಸ್‌ಫೀಲ್ಡ್‌ನಿಂದಾಚೆ ಗುಡ್ಡದ ಮೇಲಿನ ಹಳ್ಳಿಯೊಂದರ ಹೆಲ್ತ್ ಸೆಂಟರಿನಲ್ಲಿ ಕ್ಯಾಮೆರಾ ಮತ್ತು ಟಿವಿ ಇಡಲಾಯಿತು. ದೂರ ಪ್ರಯಾಣ ಮಾಡಲಾಗದ ಮಾಜಿ ಸೈನಿಕರನ್ನು ನಾನು ಲೀಡ್ಸ್‌ನಲ್ಲೇ ಕೂತು ಪರದೆಯ ಮೇಲೆ ನೋಡಬೇಕಿತ್ತು. ಪ್ರಿಸ್ಕ್ರಿಪ್ಷನ್ ಚೀಟಿಗೆ ಸಹಿ ಹಾಕಿ ಅಂಚೆಯಲ್ಲಿ ಕಳಿಸಬೇಕಿತ್ತು.

ಅಲ್ಲಿ ಬರುತ್ತಿದ್ದವರಲ್ಲಿ ಕಾಲಿನ್ ಒಬ್ಬ. ನಲವತ್ತರ ಆಸುಪಾಸಿನ, ಎತ್ತರದ ಆಳು. ಬೋಸ್ನಿಯಾದಲ್ಲಿ ಅವನಿದ್ದ ಸೇನಾ ವಾಹನ ನೆಲಬಾಂಬಿನ ಮೇಲೆ ಹೋಗಿ ಬೆನ್ನುಮೂಳೆ ಜಜ್ಜಿಹೋಗಿತ್ತು. ಎಡಗಾಲಿಗೆ ಬೆಂಕಿ ಇಟ್ಟಂಥ ಉರಿ ಹಗಲೂ ರಾತ್ರಿ. ಆ ನೋವಿಗೆ ಹಿಂದೆ ಅವನು ಕುಡಿತದ ಮೊರೆ ಹೋಗಿದ್ದ. ಅದನ್ನು ಕಷ್ಟಪಟ್ಟು ಬಿಟ್ಟಿದ್ದ. ಆಸ್ಪತ್ರೆಗೆ ಮಾತ್ರ ಕಾಲಿಡಲಾರ. ಉದ್ದನೆಯ ಕಾರಿಡಾರು, ತಾವಾಗಿ ಮುಚ್ಚಿಕೊಳ್ಳುವ ಬಾಗಿಲು, ಟ್ರಾಲಿಯ ಸದ್ದು, ಇವು ಅವನನ್ನು ಆ ವಾಹನದೊಳಕ್ಕೇ ಒಯ್ದು ಕೂರಿಸುತ್ತಿದ್ದವು.

ಕ್ಯಾಮೆರಾದ ಮುಂದೆ ಅವನು ನಿರಾಳವಾಗಿದ್ದ. ನಿಧಾನವಾಗಿ ಕರಗುವ ಮಾರ್ಫಿನ್ ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ತಿಂಗಳು ತಿಂಗಳೂ ನೋಡಿಕೊಂಡು ಏರಿಸಿದೆ. ಹಳ್ಳಿಯ ನರ್ಸ್ ಪಕ್ಕದಲ್ಲಿ ನಿಂತು ಅವನ ಕಾಲು ಪರೀಕ್ಷಿಸಿ ಹೇಳುತ್ತಿದ್ದಳು. ಒಂದು ವರ್ಷವಾಗುವಷ್ಟರಲ್ಲಿ ಅವನು ಊರಿನ ಬ್ರಾಸ್ ಬ್ಯಾಂಡಿಗೆ, ಎಂದರೆ ಹಿತ್ತಾಳೆ ವಾದ್ಯಗಳ ತಂಡಕ್ಕೆ, ಮರಳಿದ. ಚಿಕ್ಕಂದಿನಿಂದ ಕಾರ್ನೆಟ್ ಎಂಬ ಸಣ್ಣ ತುತ್ತೂರಿ ಊದುತ್ತಿದ್ದವನು, ಕುರ್ಚಿಯ ಮೇಲೆ ಕೂರಲಾಗದೆ ಬಿಟ್ಟಿದ್ದನಂತೆ. "ಹಿಂದಿನ ಸಾಲಿನಲ್ಲಿ ಕೂರಿಸಿದ್ದಾರೆ ಡಾಕ್ಟರ್, ಆದರೆ ಕೊನೇವರೆಗೂ ಕೂತಿದ್ದೆ" ಎಂದು ಹೇಳಿದ ದಿನ ಅವನ ಮುಖ ನೋಡಬೇಕಿತ್ತು.

ಮಾರ್ಫಿನ್ ಕಂಟ್ರೋಲ್ಡ್ ಡ್ರಗ್. ಎಂದರೆ, ಯಾರು ಬರೆದರು, ಯಾರು ಕೊಟ್ಟರು, ಯಾರಿಗೆ ಹೋಯಿತು ಎಂಬುದೆಲ್ಲಕ್ಕೂ ಕಾನೂನು ಲೆಕ್ಕ ಕೇಳುವ ಔಷಧ. ಆ ಹೊತ್ತಿಗೆ ಮ್ಯಾಂಚೆಸ್ಟರ್ ಕಡೆಯ ಒಬ್ಬ ವೈದ್ಯ ಇಂಥದೇ ಔಷಧ ಚುಚ್ಚಿ ತನ್ನ ರೋಗಿಗಳನ್ನೇ ಕೊಂದ ಪ್ರಕರಣ ಇಡೀ ದೇಶವನ್ನು ನಡುಗಿಸಿತ್ತು. 2006ರಲ್ಲಿ ಕಾನೂನು ಬಿಗಿಯಾಯಿತು. ಚೀಟಿ ಬರೆದ ಇಪ್ಪತ್ತೆಂಟು ದಿನಗಳೊಳಗೆ ಔಷಧ ಪಡೆಯಬೇಕು. ಒಮ್ಮೆಗೆ ಮೂವತ್ತು ದಿನಕ್ಕಿಂತ ಹೆಚ್ಚಿನದನ್ನು ಬರೆಯಬಾರದು ಎಂಬ ಸೂಚನೆಯೂ ಬಂತು. ಇದಕ್ಕೆ ನಮ್ಮ ಆಸ್ಪತ್ರೆ ತನ್ನದೊಂದು ನಿಯಮ ಸೇರಿಸಿತು: ಪರದೆಯ ಮೇಲೆ ನೋಡಿದ್ದು ನೋಡಿದ ಹಾಗಲ್ಲ, ರೋಗಿ ವೈದ್ಯರ ಎದುರಿಗೇ ಬರಬೇಕು.

ನಿಯಮ ತಂದವನು ಮುಖ್ಯ ಫಾರ್ಮಸಿಸ್ಟ್ ಪೀಟರ್. ಸಭೆಯಲ್ಲಿ ನಾನು ಕಾಲಿನ್‌ನ ವಿಷಯ ಹೇಳಿ ಜೋರಾಗಿಯೇ ವಾದಿಸಿದೆ. ಪೀಟರ್ ದನಿ ಏರಿಸಲಿಲ್ಲ.

"ಶಮೀಮ್, ನಿಮ್ಮ ಕ್ಯಾಮೆರಾಗೆ ಅವನ ಮುಖ ಕಾಣುತ್ತೆ. ಮನೆಯ ಕಪಾಟು ಕಾಣುತ್ತಾ?"

ನಿಯಮ ಉಳಿಯಿತು. ಹಳ್ಳಿಯ ಜಿಪಿಯನ್ನು, ಎಂದರೆ ಅಲ್ಲಿನ ಕುಟುಂಬ ವೈದ್ಯರನ್ನು, ಚೀಟಿ ನೀವೇ ಬರೆಯುತ್ತೀರಾ ಎಂದು ಕೇಳಿದೆ. ನಿವೃತ್ತಿಯ ಅಂಚಿನಲ್ಲಿದ್ದ ಅವರು, ಮ್ಯಾಂಚೆಸ್ಟರ್ ಪ್ರಕರಣದ ನಂತರ ಮಾರ್ಫಿನ್ ಬರೆಯುವುದನ್ನೇ ಆದಷ್ಟು ಕಡಿಮೆ ಮಾಡಿದ್ದಾಗಿ ಹೇಳಿ ಕ್ಷಮೆ ಕೇಳಿದರು.

ಕಾಲಿನ್‌ನನ್ನು ಅವನ ಅಕ್ಕ ಜ್ಯಾನೆಟ್ ಕಾರಿನಲ್ಲಿ ಲೀಡ್ಸ್‌ಗೆ ಕರೆತಂದಳು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಗಟ್ಟಿ ಹೆಂಗಸು. ಸಮಯ ಮೀರಿದರೂ ಇಬ್ಬರೂ ಬರಲಿಲ್ಲ. ಕೊನೆಗೆ ರಿಸೆಪ್ಷನ್‌ನಿಂದ ಜ್ಯಾನೆಟ್‌ಳ ಫೋನ್ ಬಂತು. ಬಾಗಿಲವರೆಗೆ ಬಂದ ಕಾಲಿನ್, ಒಳಗೆ ಟ್ರಾಲಿಯೊಂದು ಗೋಡೆಗೆ ಬಡಿದ ಸದ್ದಿಗೆ ಬೆಚ್ಚಿ ಓಡಿಹೋಗಿದ್ದ.

ನಾನು ಕೆಳಗಿಳಿದು ಹೋದೆ. ಕಾರ್ ಪಾರ್ಕಿನ ತುದಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಮುದುರಿ ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಎರಡು ವರ್ಷದಲ್ಲಿ ಅವನನ್ನು ನಾನು ಎದುರಿಗೆ ನೋಡಿದ್ದು ಅದೇ ಮೊದಲು. ನನ್ನ ಕಣ್ಣು ತಪ್ಪಿಸಿ, "ನಾಚಿಕೆ ಆಗುತ್ತೆ ಡಾಕ್ಟರ್" ಎಂದ.

ಪಕ್ಕದಲ್ಲಿ ಕೂತು, ಮೊಣಕಾಲು ತಟ್ಟಿ, ಪಾದದ ಸ್ಪರ್ಶ ನೋಡಿದೆ. ಎದುರಿಗೆ ನೋಡಬೇಕು ಎಂದು ನಿಯಮದಲ್ಲಿತ್ತೇ ಹೊರತು ಎಲ್ಲಿ ಎಂದು ಇರಲಿಲ್ಲ. ತುಂತುರು ಮಳೆ ಬೀಳುತ್ತಿತ್ತು. ಜ್ಯಾನೆಟ್ ಕೊಡೆ ಹಿಡಿದಳು. ಕಾರಿನ ಬಾನೆಟ್ ಮೇಲೆ ಚೀಟಿ ಇಟ್ಟು ಬರೆದೆ.

ಮುಂದಿನ ತಿಂಗಳೂ ಹಾಗೆಯೇ ನಡೆಯಿತು. ಅದರ ಮುಂದಿನ ಸಲ ಕಾಲಿನ್ ಬರಲಿಲ್ಲ. ಫೋನ್ ಮಾಡಿದೆ. ದನಿ ಗೆಲುವಾಗಿತ್ತು. "ಚೆನ್ನಾಗಿದ್ದೀನಿ ಡಾಕ್ಟರ್. ಮಾತ್ರೆ ಅರ್ಧಕ್ಕೆ ಇಳಿಸಿದ್ದೀನಿ. ಇನ್ನೂ ಇದಾವೆ, ಸದ್ಯಕ್ಕೆ ಬೇಡ." ನಿಧಾನವಾಗಿ ಇಳಿಸು, ಮತ್ತೆ ಹೆಚ್ಚು ಬೇಕಾದರೆ ನನ್ನನ್ನು ಕೇಳದೆ ತೆಗೆದುಕೊಳ್ಳಬೇಡ ಎಂದು ಎಚ್ಚರಿಸಿದೆ. ಹೂಂ ಎಂದ. ಮನೆಗೆ ಬಂದು ನನ್ನ ಯಜಮಾನರಿಗೆ ಹೇಳಿದಾಗ, "ಒಳ್ಳೇದಾತಲ್ಲ, ನೀನಽ ಇಷ್ಟ ಯಾಕ್ ಚಿಂತಿ ಮಾಡ್ತಿ?" ಎಂದು ಚಹಾ ಕೈಗಿಟ್ಟರು.

ಆ ಚಳಿಗಾಲದ ಒಂದು ಬೆಳಿಗ್ಗೆ ಜ್ಯಾನೆಟ್ ತಮ್ಮನ ಮನೆಗೆ ಬ್ರೆಡ್ಡು ಹಾಲು ಕೊಡಲು ಹೋದಾಗ ಅವನು ಸೋಫಾದ ಮೇಲೆ ತಣ್ಣಗೆ ಮಲಗಿದ್ದ. ಪಕ್ಕದಲ್ಲಿ ವಿಸ್ಕಿ ಬಾಟಲಿ, ಹಳೆಯ ಮಾತ್ರೆಗಳ ಖಾಲಿ ಸ್ಟ್ರಿಪ್.

ಇಂಗ್ಲೆಂಡಿನಲ್ಲಿ ಇಂಥ ಸಾವುಗಳನ್ನು ಕರೋನರ್ ಎಂಬ ಅಧಿಕಾರಿ ಬಹಿರಂಗವಾಗಿ ವಿಚಾರಣೆ ಮಾಡುತ್ತಾರೆ. ನಾನು ಸಾಕ್ಷಿ ಹೇಳಿದೆ. ಮಾರ್ಫಿನ್‌ಗೆ ಒಗ್ಗಿದ ದೇಹ ಅದನ್ನು ಕಡಿಮೆ ಮಾಡಿದ ಮೇಲೆ ಆ ತಾಳಿಕೆಯನ್ನು ಕಳೆದುಕೊಳ್ಳುತ್ತದೆ. ಒಂದು ಕಾಲಕ್ಕೆ ಆರಾಮ ಕೊಟ್ಟ ಪ್ರಮಾಣವೇ ಮದ್ಯದ ಜೊತೆ ಸೇರಿದರೆ ಉಸಿರು ನಿಲ್ಲಿಸುತ್ತದೆ. ನೋವು ತಡೆಯಲಾಗದ ದಿನ ಅವನು ಹಳೆಯ ಪ್ರಮಾಣಕ್ಕೇ ಹಿಂದಿರುಗಿದ್ದ. ನನ್ನ ನಂತರ ಜ್ಯಾನೆಟ್ ಮಾತಾಡಿದಳು.

"ಅವನಿಗೇನೂ ವಾಸಿಯಾಗಿರಲಿಲ್ಲ. ಬ್ಯಾಂಡ್ ಬಿಟ್ಟಿದ್ದ. ಆಸ್ಪತ್ರೆಗೆ ಹೋಗೋದು ತಪ್ಪಲಿ ಅಂತ ಮಾತ್ರೆ ಉಳಿಸ್ತಿದ್ದ. ಆ ಕಾರ್ ಪಾರ್ಕಿನಲ್ಲಿ ಡಾಕ್ಟರನ್ನ ಮಳೇಲಿ ನಿಲ್ಲಿಸಿದೆ ಅಂತ ಕೊರಗ್ತಿದ್ದ."

ಸಾಯುವ ಉದ್ದೇಶ ಇರಲಿಲ್ಲ, ಆಕಸ್ಮಿಕ ಎಂದು ತೀರ್ಪಾಯಿತು. ಕೊನೆಯ ಸಾಲಿನಲ್ಲಿ ಪೀಟರ್ ಕೂತಿದ್ದ. ಅವನು ಹೆದರಿದಂತೆಯೇ ಕಪಾಟಿನಲ್ಲಿ ಮಾತ್ರೆ ಸೇರಿತ್ತು. ಅದು ಸೇರಿದ್ದು ಅವನ ನಿಯಮದಿಂದಲೇ. ಹೊರಗೆ ಅವನು ನನಗಾಗಿ ಕಾದಿದ್ದ. "ನಾನು ಇನ್ನೊಬ್ಬ ರೋಗಿಯನ್ನ ನೆನೆಸಿಕೊಂಡು ಆ ನಿಯಮ ಬರೆದೆ, ಶಮೀಮ್. ಆಗಲೂ ಕಪಾಟಿನಲ್ಲಿ ಸೇರಿದ ಮಾತ್ರೆಯಿಂದ ಒಂದು ಸಾವಾಗಿತ್ತು" ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಬಂದಿದ್ದ ನನಗೆ ಅದು ಸಾಧ್ಯವಾಗಲಿಲ್ಲ.

ಮುಂದಿನ ವರ್ಷ ನಿಯಮ ಬದಲಾಯಿತು. ಕರಡು ಬರೆದವನು ಪೀಟರ್‌ನೇ. ನರ್ಸ್ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸಿ, ರೋಗಿಯ ಪಕ್ಕದಲ್ಲಿ ಕೂತಿದ್ದರೆ, ಪರದೆಯ ಮೇಲೆ ನೋಡಿದ್ದೂ ನೋಡಿದಂತೆಯೇ. ವಿಷಯ ತಿಳಿಸಲು ಇಬ್ಬರೂ ಜ್ಯಾನೆಟ್‌ಳ ಮನೆಗೆ ಹೋದೆವು. ಆಕೆ ಪೂರ್ತಿ ಕೇಳಿಸಿಕೊಂಡಳು. "ಒಳ್ಳೇದಾಯ್ತು ಲವ್" ಎಂದಳು, ಆ ಕಡೆಯವರು ಎಲ್ಲರನ್ನೂ ಕರೆಯುವ ಹಾಗೆ. ಮತ್ತೆ ಕಿಟಕಿಯ ಕಡೆ ತಿರುಗಿ, "ಇಷ್ಟು ಸುಲಭ ಇತ್ತಾ?" ಎಂದು ಕೇಳಿದಳು. ಪೀಟರ್ ತಲೆ ತಗ್ಗಿಸಿದ.

ನಿವೃತ್ತಿಯಾಗುವವರೆಗೂ ಆ ಕ್ಲಿನಿಕ್ ನಡೆಸಿದೆ. ಎಚ್ಚರದ ನಿಯಮಗಳು ಬೇಡವೆಂದು ನಾನು ಎಂದೂ ಹೇಳಲಾರೆ. ಅವು ಇಲ್ಲದೆ ಸತ್ತವರೂ ಇದ್ದಾರೆ. ಆದರೆ ಚಿಕಿತ್ಸೆ ಪಡೆಯುವುದನ್ನೇ ಕಷ್ಟ ಮಾಡಿದರೆ ರೋಗಿ ಜಗಳವಾಡುವುದಿಲ್ಲ. ಚೆನ್ನಾಗಿದ್ದೀನಿ ಎಂದು ಹೇಳಿ ಮನೆಯಲ್ಲೇ ಉಳಿದುಬಿಡುತ್ತಾನೆ. ನನ್ನ ವೃತ್ತಿಯಲ್ಲಿ ನೋವೆಂದು ಬಂದವರಿಗಿಂತ, ಹಾಗೆ ಹೇಳಿ ಬರುವುದನ್ನು ನಿಲ್ಲಿಸಿದವರ ಬಗ್ಗೆಯೇ ನಾನು ಹೆಚ್ಚು ಹೆದರುವುದನ್ನು ಕಲಿತೆ.