ಗೋಡೆಯ ಹಿಂದಿನ ಕೋಣೆ

ದೋಸೆ ಮಗುಚುವ ಕೈ ಇರುವುದು ದೋಸೆಗೆ ಮಾತ್ರ ಎಂದು ನಂಬಿ ನಲವತ್ತು ವರ್ಷ ಬಾಳಿದವಳು ನಾನು. ಹಳೆಯ ಗೋಡೆಕಾಗದವನ್ನು ಅದು ಎಷ್ಟು ನಯವಾಗಿ ಸುಲಿಯುತ್ತದೆಂಬುದು ಜರ್ಮನಿಯ ರೆನ್ನಿಂಗೆನ್‌ಗೆ ಬಂದ ಮೇಲೆ ತಿಳಿಯಿತು, ನೋಡಿ.

ಊರಾಚೆಯ ಗುಡ್ಡದ ಮೇಲೆ ಒಂದು ಬಂಗಲೆಯಿದೆ. ಇಂಗ್ಲೆಂಡಿನಲ್ಲಿ ಗಳಿಸಿ ಮರಳಿದ ಬಟ್ಟೆ ವ್ಯಾಪಾರಿಯೊಬ್ಬ ಅಲ್ಲಿನ ಸಿರಿವಂತರ ಹಳ್ಳಿಮನೆಗಳ ಮೋಹದಲ್ಲಿ ಕಟ್ಟಿಸಿದ್ದು. ಅವನ ಕಾಲದ ನಂತರ ಕಾಯಿಲೆಯ ಮಕ್ಕಳ ಆರೈಕೆಮನೆಯಾಗಿ, ಆಮೇಲೆ ಬೀಗ ಜಡಿಸಿಕೊಂಡು ಕೂತಿತ್ತು. ಈಗ ಊರವರು ಕೂಡಿ ಅದನ್ನು ಗ್ರಂಥಾಲಯ ಮಾಡುತ್ತಿದ್ದಾರೆ. ಶನಿವಾರಗಳಲ್ಲಿ ನಾನೂ ಏಳು ವರ್ಷದ ಮಗಳು ಮಾನಸಿಯೂ ಕೈಜೋಡಿಸುತ್ತೇವೆ. ಎಲ್ಲರಿಗೂ ಚಹಾ ಮಾಡಿಕೊಡುವವರು ಫ್ರೌ ಹೋಫರ್ ಎಂಬ ಎಂಬತ್ತು ದಾಟಿದ ಅಜ್ಜಿ. ಬಾಲ್ಯದ ಒಂದು ಚಳಿಗಾಲವನ್ನು ಇದೇ ಆರೈಕೆಮನೆಯಲ್ಲಿ ಕಳೆದವರು.

ಅಂದು ಮಧ್ಯಾಹ್ನ ಮಾಳಿಗೆಯ ಕೋಣೆಯಲ್ಲಿ ಮೂರನೆಯ ಪದರ ಸುಲಿಯುತ್ತಿದ್ದೆ. ಗೋಡೆಗೆ ಕಿವಿಯಾನಿಸಿ ನಿಂತಿದ್ದ ಮಾನಸಿ, ಎಂದಿನಂತೆ ಜರ್ಮನ್‌ನಲ್ಲೇ, “ಒಳಗೆ ಯಾರೋ ತಟ್ಟುತ್ತಿದ್ದಾರಮ್ಮ. ಎರಡೆರಡು ಸಲ,” ಎಂದಳು. ನಾನೂ ಕಿವಿಗೊಟ್ಟೆ. ಟಕ್, ಟಕ್. ತುಸು ಬಿಟ್ಟು ಮತ್ತೆ, ಟಕ್, ಟಕ್.

ಬಾಗಿಲಲ್ಲಿ ಚಹಾ ತಟ್ಟೆ ಹಿಡಿದು ನಿಂತಿದ್ದ ಫ್ರೌ ಹೋಫರ್ ಬಿಳಿಚಿಕೊಂಡಿದ್ದರು. ತಟ್ಟೆಯನ್ನು ನೆಲಕ್ಕಿಟ್ಟು, ಅಲ್ಲೇ ಕುಸಿದು ಕೂತು ಹೇಳಿದರು: ಗೋಡೆಯಾಚೆ ಪುಟ್ಟ ಕೋಣೆಯೊಂದಿತ್ತಂತೆ. ಜ್ವರ ಏರಿದ ಲೊಟ್ಟೆ ಎಂಬ ಗೆಳತಿಯನ್ನು ಅದರಲ್ಲಿ ಒಂಟಿಯಾಗಿ ಮಲಗಿಸಿದ್ದರಂತೆ. ಎರಡು ತಟ್ಟು ಎಂದರೆ ‘ಇದ್ದೀಯಾ?’, ಒಂದು ಎಂದರೆ ‘ಇದ್ದೇನೆ’. ಇನ್ನು ತಟ್ಟಕೂಡದೆಂದು ದಾದಿ ಗದರಿದ ದಿನ ಲೊಟ್ಟೆ ಸಂಜೆಯವರೆಗೂ ಕೇಳುತ್ತಲೇ ಇದ್ದಳು, ಇವರು ಉತ್ತರಿಸಲಿಲ್ಲ. ಮರುವಾರ, ಲೊಟ್ಟೆ ತೀರಿಕೊಂಡ ಮೇಲೆ, ಬಾಗಿಲಿಗೆ ಹಲಗೆ ಬಡಿದು, ಮೇಲೆ ಕಾಗದ ಅಂಟಿಸಿದರು.

ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು ಜೀರ್ಣೋದ್ಧಾರ. ಆದರೆ ಒಬ್ಬರೊಳಗೆ ಎಪ್ಪತ್ತು ವರ್ಷ ಜೀರ್ಣವಾಗದೆ ಉಳಿದದ್ದಕ್ಕೆ ಏನು ಮಾಡಬೇಕು? ಅವರ ತೋಳು ಹಿಡಿದು ಎಬ್ಬಿಸಿದೆ, ಅಷ್ಟೆ. ಅವರು ಗೋಡೆಯ ಬಳಿ ಹೋಗಿ, ಬೆರಳು ಮಡಚಿ, ಒಮ್ಮೆ ತಟ್ಟಿದರು. ಸದ್ದು ನಿಂತಿತು.

ಆ ವಾರವಷ್ಟೇ ಕೋಣೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳಿಗೆ ಜೀವ ಬಂದಿದೆ, ಅವು ಹಿಗ್ಗುವ ಸದ್ದಿರಬೇಕು ಎಂದ ಬಡಗಿ. ಹಲಗೆ ಕಿತ್ತಾಗ ಸಿಕ್ಕಿದ್ದು ಒಂದು ಕಬ್ಬಿಣದ ಮಂಚ, ಕೈ ಎಟುಕದಷ್ಟು ಎತ್ತರದಲ್ಲೊಂದು ಕಿಟಕಿ. ಕೊಳವೆ ಮಾತ್ರ ಆ ಗೋಡೆಯಲ್ಲಿ ಎಲ್ಲೂ ಕಾಣಲಿಲ್ಲ.

ಅದೀಗ ಮಕ್ಕಳ ಓದುಕೋಣೆಯಾಗಲಿದೆ. ಎಂಥ ಬಾಗಿಲು ಕೂರಿಸಲಿ ಎಂದು ಬಡಗಿ ಕೇಳಿದಾಗ ಎಲ್ಲರೂ ಫ್ರೌ ಹೋಫರ್ ಕಡೆ ನೋಡಿದರು.

“ಬಾಗಿಲೇ ಬೇಡ,” ಎಂದರು ಅವರು.