ತಣ್ಣಗಾದ ಲೋಟ

ಆಗೆಲ್ಲ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿಯದವರು ಅರ್ಧ ಮನುಷ್ಯರು. ಕಾಚಿಗೂಡ ಸ್ಟೇಷನ್ನಿನ ಹಿಂದಿದ್ದ ನಮ್ಮ ಗಲ್ಲಿಯ ಗೋಡೆಗಳ ತುಂಬ ಕೋರ್ಸಿನ ಪೋಸ್ಟರುಗಳೇ. ನಮ್ಮ ಕಾಕಾನೂ ಕ್ಲಾಸಿಗೆ ಸೇರಿದ್ದ. ಅಲ್ಲಿನ ಗೆಳೆಯರ ಜೊತೆ ನೂಡಲ್ಸಿನ ರುಚಿ ಹತ್ತಿ, ಒಂದು ದಿನ ಸುಲ್ತಾನ್ ಬಜಾರಿನಿಂದ ಅದಕ್ಕೆ ಹಾಕುವ ಸಿರ್ಕಾ, ಅಂದರೆ ವಿನೆಗರಿನ ಬಾಟ್ಲಿ ತಂದ. ಅಜ್ಜಿ ಮೂಸಿ ಮುಖ ಸಿಂಡರಿಸಿದಳು.

"ಇದು ಹೆಂಡದ ತಮ್ಮ ಐತಿ. ನನ್ನ ಒಲಿ ಹತ್ರ ತರಬ್ಯಾಡೊ."

ಬಾಟ್ಲಿ ಬಚ್ಚಲುಮನೆಯ ಕಿಟಕಿಯಲ್ಲೇ ಉಳಿಯಿತು.

ಆ ವರ್ಷ ಬಿಸಿಲು ಏರತೊಡಗಿದಾಗ ಅವ್ವ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಳು. ತಮ್ಮ ಹುಟ್ಟಿದ್ದನಂತೆ, ಉಳಿಯಲಿಲ್ಲವಂತೆ. ನನಗೆ ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ. ಅಜ್ಜಿ ಬಾಗಿಲಿಗೆ ರಂಗೋಲಿ ಹಾಕುವುದನ್ನು ನಿಲ್ಲಿಸಿ, ಡಬ್ಬಿಯನ್ನು ಅಡುಗೆಮನೆಯ ಹಲಗೆಯ ಮೇಲೆ ಎತ್ತಿಟ್ಟಳು. ಅವ್ವ ಹಿತ್ತಲ ಬಾಗಿಲ ಬಳಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ತಾಟು ಇಟ್ಟರೆ ಉಣ್ಣುವಳು. ಮಾತಿಲ್ಲ. ಅವಳು ಮಾತಾಡಿದರೆ ಸಾಕಿತ್ತು ನನಗೆ. ಬೈದರೂ ನಡೆಯುತ್ತಿತ್ತು.

ಶಾಲೆಯಲ್ಲಿ ಸಿಸ್ಟರ್ ಒಮ್ಮೆ ಸೋಡಾಪುಡಿಗೆ ಸಿರ್ಕಾ ಸೇರಿಸಿ ನೊರೆ ಉಕ್ಕಿಸಿ ತೋರಿಸಿದ್ದರು. ಇಡೀ ಕ್ಲಾಸು ಕಿರುಚಿ ನಕ್ಕಿತ್ತು. ಅವ್ವನೂ ನಗಬಹುದು ಅಂದುಕೊಂಡೆ.

ಅಜ್ಜಿ ಮಲಗಿದ್ದ ಮಧ್ಯಾಹ್ನ, ಅವ್ವನ ಎದುರಿಗೆ ಸ್ಟೀಲ್ ಲೋಟ ಇಟ್ಟು, ಹಲಗೆಯ ಮೇಲಿನ ಡಬ್ಬಿಯಿಂದ ಬಿಳಿ ಪುಡಿ ಹಾಕಿ, ಸಿರ್ಕಾ ಸುರಿದೆ. ಘಾಟು ಮೂಗಿಗೆ ಹೊಡೆಯಿತು. ತಳದಿಂದ ನಾಲ್ಕು ಗುಳ್ಳೆ ಎದ್ದವು, ಅಷ್ಟೇ.

ಅವ್ವ ಲೋಟದೊಳಗೆ ಇಣುಕಿದಳು.

"ಅದು ಸೋಡಾ ಅಲ್ಲ. ರಂಗೋಲಿ."

ದನಿ ಬೇರೆ ಯಾರದೋ ಅನ್ನಿಸಿತು.

"ಸೋಡಾ ಎಲ್ಲೈತಿ ಯವ್ವಾ?"

"ಕಡ್ಲಿಹಿಟ್ಟಿನ ಡಬ್ಬಿ ಹಿಂದ."

ಈ ಸಲ ನೊರೆ ಬುಸ್ಸೆಂದು ಎದ್ದು, ಲೋಟದ ಅಂಚು ದಾಟಿ ನೆಲಕ್ಕಿಳಿಯಿತು. ಅವ್ವನ ಮುಖ ನೋಡಿದೆ. ನಗಲಿಲ್ಲ.

"ಉಕ್ಕಿದ್ದು ಏನದು?" ಅಂತ ಕೇಳಿದಳು.

"ಗಾಳಿ. ಹೊರಗ ಹೋಗಿಬಿಡತೈತಿ."

"ಮತ್ತ ಬರಂಗಿಲ್ಲ?"

"ಇಲ್ಲ."

ಅವಳು ಲೋಟ ಎತ್ತಿಕೊಂಡಳು. "ತಣ್ಣಗೈತಲ್ಲ!" ಎಂದವಳೇ ಅದನ್ನು ಸೆರಗಿನೊಳಗೆ ಎದೆಗೊತ್ತಿ ಹಿಡಿದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ ಲೋಟವನ್ನು ನನ್ನ ಕೈಗಿತ್ತು, "ಇನ್ನೊಮ್ಮೆ ಮಾಡು" ಅಂದಳು.

ಬಾಟ್ಲಿ ಖಾಲಿಯಾಗುವವರೆಗೂ ಮಾಡಿದೆ.

ಎದ್ದು ಬಂದ ಅಜ್ಜಿ ಮೂಗರಳಿಸಿದಳು. "ಆ ಹೆಂಡದ ತಮ್ಮನ್ನ ಒಳಗ ಕರದವ್ರು ಯಾರು?"

"ನಾನ ಕರದೇನ್ರಿ ಅತ್ತಿ," ಅಂದಳು ಅವ್ವ.

ಅಜ್ಜಿ ಅವಳ ಒದ್ದೆಯಾದ ಕುಪ್ಪಸ ನೋಡಿದಳು. ಸಂಜೆ ಮಲ್ಲಿಗೆ ತರಿಸಿದಳು. ಅವ್ವ ಮುಡಿಯುತ್ತಾಳೆಂದು ನಾನು ಕಾದೆ. ಇಬ್ಬರೂ ಬಾಗಿಲು ಹಾಕಿಕೊಂಡು ಒಳಗೆ ಏನೋ ಮಾಡಿದರು. ಹೊರಗೆ ಬಂದಾಗ ಅವ್ವನ ತಲೆಯಲ್ಲಿ ಹೂವಿರಲಿಲ್ಲ. ಘಮ ಮಾತ್ರ ಇತ್ತು. ಕುಡಿಯುವ ಕೂಸಿಲ್ಲದೆ ಹಾಲು ಕಟ್ಟಿಕೊಂಡರೆ ಎದೆಗೆ ಮಲ್ಲಿಗೆ ಕಟ್ಟಿ ಬತ್ತಿಸುತ್ತಾರೆಂದು ನನಗೆ ಗೊತ್ತಾದದ್ದು ನನ್ನ ಬಾಣಂತನದಲ್ಲಿ.

ಈಗ ನನ್ನ ಅಡುಗೆಮನೆಯಲ್ಲಿ ಸಿರ್ಕಾಕ್ಕೆ ತಡೆಯಿಲ್ಲ. ಸಿಂಕ್ ಕಟ್ಟಿಕೊಂಡರೆ ಸೋಡಾ ಉದುರಿಸಿ ಅದನ್ನೇ ಸುರಿಯುತ್ತೇನೆ. ನೊರೆ ಏಳುತ್ತದೆ, ಇಳಿಯುತ್ತದೆ. ಅಜ್ಜಿ ಇಲ್ಲ, ಅವ್ವ ಇಲ್ಲ, ಮನೆ ಇದ್ದ ಜಾಗದಲ್ಲಿ ಲಾಡ್ಜ್ ಎದ್ದಿದೆ. ಅಳುವೇನೂ ಬರುವುದಿಲ್ಲ. ಯಾವಾಗಲಾದರೂ ಸ್ಟೀಲ್ ಲೋಟದಲ್ಲೇ ಎರಡನ್ನೂ ಬೆರೆಸಿ, ಅಂಗೈಯಲ್ಲಿ ಹಿಡಿದು ನಿಲ್ಲುತ್ತೇನೆ. ತಣ್ಣಗಾಗುತ್ತದೆ. ಇನ್ನೊಮ್ಮೆ ಮಾಡು ಅನ್ನುವವರಿಲ್ಲ. ತೊಳೆದು ಬೋರಲು ಹಾಕುತ್ತೇನೆ.