ನಿಲ್ಸಲ್ಲ ಆಂಟಿ, ಅದು ನನ್ನ ಅಂಗಡಿ

"ಹುಡುಗಿ ನಮಗೆ ಒಪ್ಪಿಗೆ. ಆದ್ರೆ ಆ ಸೈಬರ್ ಕೆಫೆಗೆ ಹೋಗೋದು ಮಾತ್ರ ಇವತ್ತಿಗೇ ನಿಲ್ಬೇಕು."

ಭದ್ರಾವತಿ ಜನ್ನಾಪುರದ ನಮ್ಮ ಮನೆ ಹಾಲ್‌ನಲ್ಲಿ ಕೂತು, ಕೇಸರಿಬಾತ್ ತಟ್ಟೆ ಕೆಳಗಿಟ್ಟು ಹುಡುಗನ ತಾಯಿ ಹೇಳಿದ ಮಾತಿದು. ಶಿವಮೊಗ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮನೆತನ. ಹುಡುಗ ಕೆಟ್ಟವನೇನಲ್ಲ... ತಲೆ ತಗ್ಗಿಸಿ ಕೂತಿದ್ದ, ಅಷ್ಟೇ.

ಮೊಬೈಲಲ್ಲಿ ನೆಟ್ ಇಲ್ಲದ ಕಾಲ ಅದು, ಇಂಟರ್ನೆಟ್ ಅಂದ್ರೆ ಮೇನ್ ರೋಡಿನ ಸೈಬರ್ ಕೆಫೆ. ಒಳಗೆ ಪ್ಲೈವುಡ್ ಕ್ಯಾಬಿನ್, ಕ್ಯಾಬಿನ್‌ಗೆ ಕರ್ಟನ್. ಹುಡುಗೀರು ಅಲ್ಲಿಗೆ ಹೋಗೋದು ಚಾಟಿಂಗ್‌ಗೇ ಅಂತ ಇಡೀ ಬೀದಿಗೆ ಗ್ಯಾರಂಟಿ.

ನಾನು ದಿನಾ ಹೋಗ್ತಿದ್ದೆ. ಕ್ಯಾಬಿನ್ ಒಳಗಲ್ಲ, ಬಾಗಿಲ ಪಕ್ಕದ ಸಿಸ್ಟಮ್‌ಗೆ. ರಸ್ತೇಲಿ ಹೋಗೋರಿಗೆಲ್ಲ ನನ್ನ ಸ್ಕ್ರೀನ್ ಕಾಣ್ಲಿ ಅಂತ ಹಠ ಮಾಡಿ ಅಲ್ಲೇ ಕೂರ್ತಿದ್ದೆ.

ಜನ ಸ್ಕ್ರೀನ್ ನೋಡ್ಲಿಲ್ಲ. ನನ್ನನ್ನ ನೋಡಿದ್ರು.

ಏನ್ ಮಾಡ್ತಿದ್ದೆ ಅಂದ್ರೆ... ಹೊಲಿಗೆ ಮಷೀನ್ ಬಗ್ಗೆ ಇಂಗ್ಲಿಷಲ್ಲಿ ಒಂದು ವೆಬ್‌ಸೈಟ್. ಬಿ.ಕಾಂ. ಮುಗಿಸಿ ಮನೇಲಿ ಬ್ಲೌಸ್ ಹೊಲೀತಿದ್ದೆ, ಅಕ್ಕಪಕ್ಕದ ಹೆಂಗಸರಿಗೆ ಕಲಿಸ್ತಿದ್ದೆ. ಗೊತ್ತಿದ್ದದ್ದು ಅದೊಂದೇ, ಅದನ್ನೇ ಬರೆದೆ.

ಶುರುವಲ್ಲಿ ಒಂದು ನೊಣಾನೂ ಬರ್ಲಿಲ್ಲ. ಸೈಟಿನ ಟೈಟಲ್ಲೇ ನನ್ನ ಹೆಸರು. ಅಮೆರಿಕದಲ್ಲಿ ನನ್ನ ಹೆಸರನ್ನ ಯಾರು ಹುಡುಕ್ತಾರೆ ಮಾರಾಯ್ರೆ?

ಆಮೇಲೆ ನನ್ನ ಹತ್ರ ಕಲಿಯೋಕೆ ಬರ್ತಿದ್ದವರ ಮಾತನ್ನೇ ಕಿವಿಗೊಟ್ಟು ಕೇಳಿದೆ. 'ದಾರ ಯಾಕೆ ಪದೇ ಪದೇ ಕಟ್ ಆಗುತ್ತೆ?' 'ಹೊಲಿಗೆ ಯಾಕೆ ಬಿಟ್ಟು ಬಿಟ್ಟು ಬೀಳುತ್ತೆ?' ನನ್ನ ಹೆಸರು ತೆಗೆದು ಆ ಪ್ರಶ್ನೆಗಳನ್ನೇ ಟೈಟಲ್ ಮಾಡಿ, ಒಂದೊಂದಕ್ಕೂ ಒಂದೊಂದು ಪುಟ ಬರೆದೆ. ಸರ್ಚ್ ಮಾಡೋರೂ ಹಾಗೇ ತಾನೆ ಕೇಳೋದು?

ನಿಧಾನಕ್ಕೆ ನನ್ನ ಪುಟಗಳು ಸರ್ಚ್‌ನಲ್ಲಿ ಮೇಲೆ ಬಂದ್ವು. ಓದಿದವರು ಅಲ್ಲಿದ್ದ ಲಿಂಕ್ ಒತ್ತಿ ಸೂಜಿನೋ ದಾರ ಸುತ್ತೋ ಬಾಬಿನ್ನೋ ಕೊಂಡ್ರೆ, ಮಾರೋ ಕಂಪನಿಯವರು ನನಗೆ ಕಮಿಷನ್ ಕೊಡ್ತಿದ್ರು.

ಆ ಕಮಿಷನ್ನಿನ ಮೊದಲ ಚೆಕ್ ಬಂತು ನೋಡಿ, ಫಾರಿನ್ ಸ್ಟಾಂಪಿನ ಕವರಲ್ಲಿ... ನಾನು ಕವರ್ ಒಡೆಯೋ ಮುಂಚೆ ಸುದ್ದಿ ಬೀದಿ ಕೊನೆ ಮುಟ್ಟಿತ್ತು. ಯಾರೋ ಫಾರಿನ್ನವನು ಇವಳಿಗೆ ದುಡ್ಡು ಕಳಿಸ್ತಾನಂತೆ!

ಹುಡುಗನ ಕಡೆಯವರು ವಿಚಾರಿಸಿದಾಗ ಕಿವಿಗೆ ಬಿದ್ದದ್ದೂ ಇದೇ.

"ನಿಲ್ಸಲ್ಲ ಆಂಟಿ," ಅಂದೆ. "ನಿಮ್ಮ ಬಟ್ಟೆ ಅಂಗಡಿ ಮುಚ್ಚಿ ಅಂದ್ರೆ ಮುಚ್ತೀರಾ? ಅದು ನನ್ನ ಅಂಗಡಿ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಕಣ್ಣಲ್ಲೇ ಗದರಿಸಿದ್ಲು. ನಾನು ಆ ಕಡೆ ನೋಡ್ಲೇ ಇಲ್ಲ.

"ಗಲ್ಲಾ ಇಲ್ಲ, ಗಿರಾಕಿ ಇಲ್ಲ, ಅದೆಂಥ ಅಂಗಡೀನಮ್ಮಾ?" ಆಯಮ್ಮ ನಕ್ಕರು.

"ಬನ್ನಿ, ಈಗ್ಲೇ ತೋರಿಸ್ತೀನಿ. ಇಲ್ಲೇ ಹತ್ರ."

ಹುಡುಗ ಒಂದು ಸಲ ತಲೆ ಎತ್ತಿದ. ಬರ್ತಾನೆ ಅಂದ್ಕೊಂಡೆ. ಅಷ್ಟರಲ್ಲಿ ಅವರಮ್ಮ ಎದ್ರು. ಅವನೂ ಎದ್ದು ಚಪ್ಪಲಿ ಮೆಟ್ಟಿದ.

ಅವತ್ತಿಂದ ಅಪ್ಪಾಜಿ ನನ್ನ ಹತ್ರ ಮಾತು ಬಿಟ್ರು. ಕಾರ್ಖಾನೇಲಿ ಶಿಫ್ಟ್ ಕೆಲಸದವರು, ಮೊದಲೇ ಮಾತು ಕಮ್ಮಿ. ಈಗ ಅದೂ ಇಲ್ಲ.

"ಸುಮ್ನೆ ಹ್ಞೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಅಂತ ಅಮ್ಮ ಅತ್ಲು.

ಮರುದಿನವೂ ಕೆಫೆಗೆ ಹೋದೆ. ಅದರ ಮರುದಿನವೂ ಹೋದೆ. ಅದೇ ಬಾಗಿಲ ಪಕ್ಕದ ಸಿಸ್ಟಮ್ಮೇ.

ಒಂದು ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪಾಜಿ ಯೂನಿಫಾರಂ ಕೂಡ ಬಿಚ್ಚಿಲ್ಲ. ನಾನು ಹೊರಡ್ತಾ ಇದ್ದೀನಿ.

"ನಡಿ. ನಾನೂ ಬರ್ತೀನಿ," ಅಂದ್ರು.

ಮುಗೀತು ಅಂದ್ಕೊಂಡೆ. ಕೆಫೆ ಓನರ್‌ಗೆ ಬೈದು, ನನ್ನನ್ನ ವಾಪಸ್ ಎಳ್ಕೊಂಡು ಬರ್ತಾರೆ...

ಹಿಂದಿನ ಗಲ್ಲೀಲಿ ಹೋದ್ರೆ ಬೇಗ. ಅಪ್ಪಾಜಿ ಮೇನ್ ರೋಡೇ ಹಿಡಿದ್ರು. ಟೀ ಅಂಗಡಿ ಮುಂದೆ ಅವರ ಜೊತೆ ಕೆಲಸ ಮಾಡೋರು ನಿಂತಿದ್ರು. "ಏನಣ್ಣಾ, ಮಗಳ ಜೊತೆ ಎಲ್ಲಿಗೆ?"

"ಇವಳ ಕೆಲಸ ನೋಡೋಕೆ!" ರಸ್ತೆಗೆಲ್ಲ ಕೇಳೋ ಹಾಗೆ ಹೇಳಿದ್ರು. ಅಪ್ಪಾಜಿ ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿದ್ದೇ ಇಲ್ಲ.

ಕೆಫೇಲಿ ಪ್ಲಾಸ್ಟಿಕ್ ಚೇರ್ ಎಳ್ಕೊಂಡು ಪಕ್ಕದಲ್ಲಿ ಕೂತ್ರು. ಒಂದೊಂದೇ ಪುಟ ತೋರಿಸಿದೆ. ಒಬ್ಬರು ಅಜ್ಜಿ ಅಮೆರಿಕದಿಂದ ಮೇಲ್ ಬರೆದಿದ್ರು. ಮೂಲೆಗೆ ಬಿದ್ದಿದ್ದ ಮಷೀನು ನಿನ್ನಿಂದ ಓಡ್ತು, ಮೊಮ್ಮಗಳಿಗೆ ಫ್ರಾಕ್ ಹೊಲಿದೆ ಅಂತ. ಅದನ್ನ ಕನ್ನಡದಲ್ಲಿ ಹೇಳಿದೆ.

ಅಪ್ಪಾಜಿ ಚೇರ್ ಮುಂದಕ್ಕೆ ಎಳೆದು ಸ್ಕ್ರೀನ್ ಹತ್ರ ಬಗ್ಗಿದ್ರು.

"ಇವರಿಗೆಲ್ಲ ನೀನು ಭದ್ರಾವತಿಯವಳು ಅಂತ ಗೊತ್ತಾ?"

"ಇಲ್ಲ ಅಪ್ಪಾಜಿ. ಇಂಡಿಯಾದವಳು ಅಂದ್ರೆ ನಂಬ್ತಾರೋ ಇಲ್ವೋ ಅಂತ ಎಲ್ಲೂ ಹಾಕಿಲ್ಲ."

"ನಂಬದವರು ಬಿಡ್ಲಿ. ನೀನು ಹಾಕು."

ಅವರ ಎದುರಿಗೇ ಪ್ರತಿ ಪುಟದ ಕೆಳಗೆ ಟೈಪ್ ಮಾಡಿದೆ. ಶಶಿಕಲಾ, ಜನ್ನಾಪುರ, ಭದ್ರಾವತಿ. ಮುಗಿಸಿ ತಿರುಗಿ ನೋಡಿದ್ರೆ ಅಪ್ಪಾಜಿಗೆ ಕೂತಲ್ಲೇ ನಿದ್ದೆ. ರಾತ್ರಿಯೆಲ್ಲ ದುಡಿದ ಜೀವ. ಎಬ್ಬಿಸ್ಲಿಲ್ಲ. ರಸ್ತೇಲಿ ಹೋಗೋರೆಲ್ಲ ನೋಡಿದ್ರು... ನೋಡ್ಲಿ!

ಬೀದಿಯ ಮಾತು ನಿಲ್ಲಲಿಲ್ಲ. ನಾನೂ ನಿಲ್ಲಿಸ್ಲಿಲ್ಲ. ಸೈಟು ವರ್ಷಗಟ್ಟಲೆ ನಡೀತು, ಅಪ್ಪಾಜಿ ರಿಟೈರ್ ಆದ್ಮೇಲೆ ಮನೆಯನ್ನೂ ನಡೆಸ್ತು. ಮದುವೇನೂ ಆಯ್ತು, ನನ್ನ ಕೆಲಸ ಏನು ಅಂತ ಕೂತು ಕೇಳಿಸ್ಕೊಂಡವರ ಜೊತೆ.

ನಿಮ್ಮನ್ನ ಒಪ್ಕೋಬೇಕಾದ್ರೆ ನಿಮ್ಮ ಕೆಲಸ ಬಿಡಿ ಅಂತ ಯಾರಾದ್ರೂ ಅಂದಿದ್ರಾ? ನೀವು ಏನಂದ್ರಿ?